ಹಳೆ ಸಿಂಥಸೈಜರ್ ಧ್ವನಿಗಳನ್ನು ಮರೆತರೆ ಅದು ಗುಜರಿಗೇ?

ಉಳಿಸಿಟ್ಟ ಧ್ವನಿಗಳು ಅಳಿಸಿಹೋದರೆ ಹಳೆ ಕೀಬೋರ್ಡ್ ಕೆಟ್ಟಂತೆಯೇ ಎಂಬ ಮಾತನ್ನು ನಾವು ಕೇಳುತ್ತಿರುತ್ತೇವೆ. ಇದು ನಿಜವಲ್ಲ. ಹೆಚ್ಚಾಗಿ ಮುಗಿದಿರುವುದು ಒಳಗಿನ ಸಣ್ಣ ಬ್ಯಾಟರಿ ಮಾತ್ರ.

1983ರ ಯಮಹಾ ಡಿಎಕ್ಸ್7 ನೋಡೋಣ. ಅದರ 32 ಧ್ವನಿಗಳು ಇರುವುದು ರ‍್ಯಾಮ್‌ನಲ್ಲಿ. ವಿದ್ಯುತ್ ಇಲ್ಲದಿದ್ದರೆ ರ‍್ಯಾಮ್ ಎಲ್ಲವನ್ನೂ ಮರೆಯುತ್ತದೆ. ಸ್ವಿಚ್ ಆರಿಸಿದಾಗ ಅದನ್ನು ಕಾಯುವುದು 3 ವೋಲ್ಟ್‌ನ ಲಿಥಿಯಂ ಬ್ಯಾಟರಿ. ಅದು ಖಾಲಿಯಾದರೆ ಧ್ವನಿಗಳು ಹೋಗುತ್ತವೆ, ವಾದ್ಯ ಕೆಡುವುದಿಲ್ಲ.

ಆದರೆ 1981ರ ಕೋರ್ಗ್ ಪಾಲಿಸಿಕ್ಸ್‌ನಲ್ಲಿ ಇದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಹಳತಾಗಿ ಸೋರಿದರೆ ಅದು ಸರ್ಕ್ಯೂಟ್ ಬೋರ್ಡ್‌ನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಅಂಥ ವಾದ್ಯ ಮೂಲೆಯಲ್ಲಿದ್ದರೆ ಬೇಗ ಬಿಚ್ಚಿಸಿ ನೋಡಿ.

ಡಿಎಕ್ಸ್7 ಆದರೆ ಮೊದಲು ಧ್ವನಿಗಳನ್ನು ಮಿಡಿ ಮೂಲಕ ಕಂಪ್ಯೂಟರಿಗೆ ಉಳಿಸಿಕೊಳ್ಳಿ. ಬ್ಯಾಟರಿಗೆ ಬೆಸುಗೆ ಹಾಕಿರುತ್ತಾರೆ. ರಿಪೇರಿ ಬಲ್ಲವರಿಂದಲೇ ಬದಲಿಸಿ, ಜೊತೆಗೊಂದು ಹೋಲ್ಡರ್ ಹಾಕಿಸಿದರೆ ಮುಂದಿನ ಸಲ ಬೆಸುಗೆಯೇ ಬೇಡ.