ಹಳೆಯ ಖಡ್ಗವೂ ಅದರ ವಂಶಾವಳಿಯೂ

ಪ್ರಾಚೀನ ಖಡ್ಗಗಳ ಸಂಗ್ರಹವು ಒಂದು ಕಾಲಕ್ಕೆ ಅರಮನೆಗಳಿಗೂ ವಸ್ತುಸಂಗ್ರಹಾಲಯಗಳಿಗೂ ಮೀಸಲಾಗಿದ್ದಿತು. ಇಂದಾದರೋ ಅಂತರಜಾಲದ ಹರಾಜುಗಳ ದೆಸೆಯಿಂದ ಸಾಮಾನ್ಯ ಗೃಹಸ್ಥನೂ ಮನೆಯಲ್ಲಿ ಕುಳಿತೇ ಖಡ್ಗವೊಂದನ್ನು ಕೊಳ್ಳಬಲ್ಲನು. ಖಡ್ಗದೊಡನೆ ಕಥೆಯೊಂದೂ ಬರುತ್ತದೆ: ಇದು ಇಂಥ ದೊರೆಯದು, ಇಂಥ ಯುದ್ಧದಲ್ಲಿ ದೊರೆತುದು ಎಂದು. ಕಥೆಯನ್ನು ನಂಬಿ ಖಡ್ಗವನ್ನು ತಿಕ್ಕಿ ತೊಳೆಯುವುದು ಅನೇಕರ ವಾಡಿಕೆ. ನಡೆಯಬೇಕಾದುದು ಇದಕ್ಕೆ ತೀರ ವಿರುದ್ಧವೆಂಬುದು ನಮ್ಮ ಅಭಿಪ್ರಾಯ. ಕಥೆಯನ್ನು ತಿಕ್ಕಿ ನೋಡಬೇಕು. ಖಡ್ಗವನ್ನು ಇದ್ದಂತೆಯೇ ಬಿಡಬೇಕು.

ಮೊದಲು ತಿಳಿಯತಕ್ಕುದೇನೆಂದರೆ, ಖಡ್ಗಕ್ಕೆ ಒಂದೇ ಜನ್ಮವಿಲ್ಲ. ಅಲಗು ಒಂದು ದೇಶದ್ದು, ಹಿಡಿ ಇನ್ನೊಂದು ದೇಶದ್ದು ಆಗಿರುವುದುಂಟು. ಯೂರೋಪಿನಿಂದ ಬಂದ ಅಲಗಿಗೆ ಭಾರತದ ಹಿಡಿಯನ್ನು ಜೋಡಿಸಿದ ಕತ್ತಿಗೆ 'ಫಿರಂಗಿ' ಎಂಬ ಹೆಸರೇ ಬಂದಿತ್ತು. ಹೀಗಾಗಿ ಹಿಡಿಯ ಕಾಲವನ್ನು ನೋಡಿ ಅಲಗಿನ ಕಾಲವನ್ನು ನಿರ್ಣಯಿಸುವುದು ಸಲ್ಲದು.

ಅಲಗಿನ ಮೇಲಿನ ಹೆಸರಾದರೂ ನಂಬತಕ್ಕುದೆ? ಇಸ್ಪಹಾನಿನ ಅಸದುಲ್ಲಾ ಎಂಬ ಕಮ್ಮಾರನ ಹೆಸರುಳ್ಳ ಅಲಗುಗಳು ಎಷ್ಟೋ ಇವೆ. ಅವುಗಳ ಮೇಲಿನ ಇಸವಿಗಳನ್ನು ಸಾಲಾಗಿಟ್ಟರೆ, ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅಷ್ಟನ್ನೂ ಬಡಿದಿರುವುದು ಅಸಾಧ್ಯವೆಂಬುದು ಸ್ಪಷ್ಟವಾಗುತ್ತದೆ. ಜರ್ಮನಿಯ ಪಸ್ಸೌ ನಗರದ 'ಓಡುವ ತೋಳ'ದ ಮುದ್ರೆಯನ್ನು ಸೋಲಿಂಗನ್ನಿನ ಕಮ್ಮಾರರೂ ಒತ್ತಿದರು. ಹೆಸರು ಪಡೆದ ಮುದ್ರೆಯನ್ನು ಅನುಕರಿಸುವುದು ಇಂದಿನ ರೋಗವಲ್ಲ.

ಹಾಗಾದರೆ ಉಕ್ಕನ್ನೇ ಕೇಳೋಣವೆ? ನಮ್ಮ ನಾಡಿನವರಿಗೆ ಇದರಲ್ಲಿ ವಿಶೇಷ ಆಸಕ್ತಿಯಿರಬೇಕು. ದಕ್ಷಿಣ ಭಾರತದ ಮೂಸೆಯ ಉಕ್ಕಿಗೆ ಪಾಶ್ಚಾತ್ಯರಿಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಹುಟ್ಟಿದುದೆಂದು ಬಹುಮಂದಿ ವಿದ್ವಾಂಸರ ಮತ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ವಿಷಯವಾಗಿ ಪ್ರಬಂಧವನ್ನೋದಿದನು. ಸುಮಾರು ಶೇಕಡಾ ಒಂದೂವರೆ ಇಂಗಾಲವುಳ್ಳ ಈ ಉಕ್ಕಿನ ಅಲಗಿನಲ್ಲಿ ನೀರಿನ ಅಲೆಗಳಂತಹ ಗೆರೆಗಳು ಕಾಣುತ್ತವೆ. ಕಬ್ಬಿಣ ಮತ್ತು ಇಂಗಾಲಗಳ ಸಂಯುಕ್ತವಾದ ಸಿಮೆಂಟೈಟಿನ ಕಣಗಳು ಸಾಲುಗೂಡಿದುದೇ ಇದಕ್ಕೆ ಕಾರಣ. ಈ ಸಾಲುಗಳು ಮೂಡುವುದರಲ್ಲಿ ಅತ್ಯಲ್ಪ ಪ್ರಮಾಣದ ವನೇಡಿಯಂ ಮುಂತಾದ ಧಾತುಗಳ ಪಾತ್ರವನ್ನು ಅಮೆರಿಕದ ವೆರ್ಹೋವನ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಅವರ ತಂಡದ ಕಮ್ಮಾರನು ಅಂತಹ ಅಲಗುಗಳನ್ನು ತಾನೇ ಬಡಿದು ತೋರಿಸಿದನು. ಇದು ವಿಜ್ಞಾನಕ್ಕೆ ವಿಜಯವೇ ಸರಿ. ಆದರೆ ಕೊಳ್ಳುವವನಿಗೆ ಎಚ್ಚರಿಕೆಯೂ ಹೌದು. ಅಲೆಗೆರೆ ಇದ್ದ ಮಾತ್ರಕ್ಕೆ ಅಲಗು ಪ್ರಾಚೀನವೆಂದು ಹೇಳುವಂತಿಲ್ಲ.

ಇನ್ನುಳಿಯುವುದು ಕೈಯಿಂದ ಕೈಗೆ ದಾಟಿದ ಗುರುತುಗಳು. 1689ರಲ್ಲಿ ಮೊಗಲರ ಪರವಾಗಿ ಬಂದ ಬಿಕಾನೇರದ ಅನೂಪಸಿಂಹನು ಬಳ್ಳಾರಿಗೆ ಸಮೀಪದ ಆದವಾನಿಯಿಂದ ಕೊಂಡೊಯ್ದ ಆಯುಧಗಳಲ್ಲಿ ಕೆಲವನ್ನು ಇಂದಿಗೂ ಗುರುತಿಸಬಹುದಾದುದು, ಅವುಗಳ ಮೇಲೆ ಚುಕ್ಕಿಗಳಿಂದ ಕುಟ್ಟಿದ ನಾಗರೀ ಬರಹಗಳಿಂದ. ಇಂಗ್ಲೆಂಡಿನ ವಿಲ್ಕಿನ್ಸನ್ ಕಾರ್ಖಾನೆಯು 1854ರಿಂದ ತನ್ನ ಉತ್ತಮ ಖಡ್ಗಗಳ ಬೆನ್ನಿನ ಮೇಲೆ ಕ್ರಮಸಂಖ್ಯೆಯನ್ನೊತ್ತಿತು. ಆ ಸಂಖ್ಯೆಯನ್ನು ಅದರ ದಾಖಲೆ ಪುಸ್ತಕದೊಡನೆ ತಾಳೆನೋಡಿದರೆ ತಯಾರಾದ ದಿನವೂ, ಎಷ್ಟೋ ವೇಳೆ ಮೊದಲು ಕೊಂಡವನ ಹೆಸರೂ ದೊರೆಯುತ್ತವೆ. ಆದರೆ ಇಂತಹ ಗುರುತುಗಳು ಎಷ್ಟು ಆಳ? ಕೂದಲೆಳೆಯಷ್ಟು. ಆಮ್ಲದಿಂದಲೋ ಉಜ್ಜುಕಾಗದದಿಂದಲೋ ಒಂದು ಮಧ್ಯಾಹ್ನ ತುಕ್ಕು ತೆಗೆಯಹೊರಟರೆ, ಮುನ್ನೂರು ವರ್ಷ ಉಳಿದ ಸಾಕ್ಷಿಯು ತುಕ್ಕಿನೊಡನೆ ತೊಳೆದುಹೋಗುತ್ತದೆ. ಹೋದುದನ್ನು ಮರಳಿ ತರುವ ವಿದ್ಯೆ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

2023ರಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದು ಸೇನಾನಿ ಬೇರ್ಡನಿಗೆ ಸಂದುದೆಂಬುದಕ್ಕೆ ಆಧಾರವಿದ್ದಿತು. ಬೆಲೆ ಬಂದುದು ಈ ಆಧಾರಕ್ಕೆ, ಬರಿಯ ಉಕ್ಕಿಗಲ್ಲ. ಹುಲಿಪಟ್ಟೆ ಕೆತ್ತಿದ ಕತ್ತಿಯೆಲ್ಲವೂ ಟಿಪ್ಪುವಿನದಾಗಲಾರದು.

ಆದುದರಿಂದ ಖಡ್ಗವನ್ನು ಕೊಂಡವರು ಮೊದಲು ಅಳತೆ, ತೂಕ, ಛಾಯಾಚಿತ್ರಗಳನ್ನು ದಾಖಲಿಸಲಿ. ಮಾರಿದವನ ಮಾತುಗಳನ್ನೂ ಚೀಟಿಯನ್ನೂ ಕಾದಿಡಲಿ. ಅಲಗಿಗೆ ತೆಳುವಾಗಿ ಎಣ್ಣೆ ಸವರುವುದಕ್ಕಿಂತ ಹೆಚ್ಚಿನ ಉಪಚಾರವನ್ನು ತಜ್ಞರಿಗೆ ಬಿಡಲಿ. ನಮ್ಮ ದೇಶದ 1972ರ ಕಾನೂನಿನ ಪ್ರಕಾರ ನೂರು ವರ್ಷ ತುಂಬಿದ ಇಂತಹ ವಸ್ತುವು ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ ಎಂಬುದನ್ನೂ ನೆನಪಿಡಲಿ.

ಎಲ್ಲ ಪರೀಕ್ಷೆಯಾದ ಮೇಲೂ 'ದಖ್ಖಣದ ಹಿಡಿ, ಯೂರೋಪಿನ ಅಲಗು, ಒಡೆಯನು ತಿಳಿಯದು' ಎಂದಷ್ಟೇ ಬರೆಯಬೇಕಾಗಿ ಬಂದರೆ ಅದರಲ್ಲಿ ಅವಮಾನವೇನೂ ಇಲ್ಲ. ಸುಳ್ಳು ವಂಶಾವಳಿ ಹೊತ್ತ ಕತ್ತಿಗಿಂತ, ತಿಳಿದಷ್ಟನ್ನು ಸರಿಯಾಗಿ ಬರೆದಿಟ್ಟ ಅನಾಮಧೇಯ ಕತ್ತಿಯೇ ಮುಂದಿನ ಸಂಶೋಧಕನಿಗೆ ಹೆಚ್ಚು ಉಪಯುಕ್ತ.