ಸಹಿ ಹಾಕಲೊಪ್ಪದ ಕೈಗೆ ಊರಿನ ಬಲ

ಘಟ್ಟದ ರಸ್ತೆಯನ್ನು ಅಗಲಿಸಲು ಗುಡ್ಡದ ಬುಡವನ್ನು ಕಡಿಯುವಾಗ ಇಳಿಜಾರು ಎಷ್ಟಿರಬೇಕು, ಜಲದ ಕಣ್ಣುಗಳು ಎಲ್ಲಿವೆ, ತಡೆಗೋಡೆಯ ಹಿಂದೆ ನಿಲ್ಲುವ ನೀರಿಗೆ ಹೊರದಾರಿ ಉಂಟೇ ಎಂಬುದನ್ನು ಪರೀಕ್ಷಿಸಿ ಸಹಿ ಹಾಕುವವರು ಇಂಜಿನಿಯರುಗಳು. ಆ ಸಹಿ ಸುಳ್ಳಾದರೆ ಫಲ ಉಣ್ಣಬೇಕಾದವರು ಕೆಳಗಿನ ಗದ್ದೆ, ತೋಟ, ಮನೆಗಳ ಜನ. ಆದುದರಿಂದ ಸುಳ್ಳಿಗೆ ಸಹಿ ಹಾಕಲೊಪ್ಪದ ಇಂಜಿನಿಯರರ ರಕ್ಷಣೆ ಇಲಾಖೆಯ ಒಳಮನೆಯ ವಿಚಾರವಲ್ಲ. ನಮ್ಮ ಊರಿನ ವಿಚಾರ.

ಕಾನ್ಪುರದ ಐಐಟಿಯಲ್ಲಿ ಓದಿದ ಸತ್ಯೇಂದ್ರ ದುಬೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್. ಸುವರ್ಣ ಚತುಷ್ಪಥ ಯೋಜನೆಯ ಅಕ್ರಮಗಳನ್ನು ವಿವರಿಸಿ 2002ರಲ್ಲಿ ಪ್ರಧಾನಿಯವರಿಗೆ ಪತ್ರ ಬರೆದು, ತಮ್ಮ ಹೆಸರನ್ನು ಗುಪ್ತವಾಗಿಡಬೇಕೆಂದು ಕೋರಿದ್ದರು. ಪತ್ರವು ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರು ಗುಂಡಿಗೆ ಬಲಿಯಾದರು. ಕೊಂದವರು ಸುಲಿಗೆಕೋರರೆಂದು ಸಿಬಿಐ ಹೇಳಿತು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಆದರೂ ನಂಬಿ ಬರೆದವರ ಹೆಸರನ್ನು ಬಯಲಿಗೆ ಬಿಟ್ಟ ಲೋಪ ಅದರಿಂದ ಅಳಿಯುವುದಿಲ್ಲ.

ಆ ಸಾವಿನ ಬಳಿಕ, 2004ರ ಕೇಂದ್ರ ಸರ್ಕಾರದ ನಿರ್ಣಯದಂತೆ, ದೂರುದಾರರ ಹೆಸರನ್ನು ಕಾಪಾಡುವ ಹೊಣೆ ಕೇಂದ್ರ ಜಾಗೃತ ಆಯೋಗಕ್ಕೆ ಬಂದಿತು. ಆದರೆ ಅದರ ವ್ಯಾಪ್ತಿ ಕೇಂದ್ರದ ಇಲಾಖೆ ಮತ್ತು ಸಂಸ್ಥೆಗಳಿಗಷ್ಟೇ. ರಾಜ್ಯದ ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಅದರಾಚೆ ಉಳಿದರು. ರಾಜ್ಯಗಳನ್ನೂ ಒಳಗೊಂಡು, ಅಕ್ರಮ ಬಯಲಿಗೆಳೆಯುವವರನ್ನು ರಕ್ಷಿಸುವ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅನಂತರ ಹತ್ತು ವರ್ಷ ಕಳೆದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ.

ಪ್ರಾಮಾಣಿಕರನ್ನು ಮಣಿಸಲು ಗುಂಡೇ ಬೇಕಿಲ್ಲ. ಕಾಮಗಾರಿಯ ನಡುವೆ ಬರುವ ಒಂದು ವರ್ಗಾವಣೆ ಆದೇಶ ಸಾಕು. ಸತ್ಯವನ್ನು ಬಲ್ಲವರು ಒಬ್ಬರೇ ಆಗಿದ್ದಾಗ ಅವರನ್ನು ಸರಿಸಿದರೆ ಸತ್ಯವೂ ಸರಿದುಹೋಗುತ್ತದೆ. ಊರಿಗೆಲ್ಲ ತಿಳಿದ ಸತ್ಯವನ್ನು ವರ್ಗಾಯಿಸಲಾಗದು.

ಇದಕ್ಕೊಂದು ದಾರಿ ನಮ್ಮ ಕೈಯಲ್ಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯು ಕಡತದ ಪ್ರತಿ ಪಡೆಯುವುದಕ್ಕಷ್ಟೇ ಅಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವುದಕ್ಕೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದಕ್ಕೂ ಹಕ್ಕು ಕೊಟ್ಟಿದೆ. ಊರಿನ ಪ್ರತಿ ಕಾಮಗಾರಿಯ ನಕ್ಷೆ, ಅಳತೆ ಪುಸ್ತಕ, ಗುಣಮಟ್ಟದ ವರದಿಗಳನ್ನು ಕೇಳಿ ಪಡೆದು ಗ್ರಾಮಸಭೆಯಲ್ಲಿ ಓದಿಸೋಣ. ವಿದ್ಯಾರ್ಥಿಗಳು ಅವುಗಳನ್ನು ಓದಿ ಹಿರಿಯರಿಗೆ ತಿಳಿಯಹೇಳಲಿ. ಕೆಲಸದ ನಡುವೆ ಇಂಜಿನಿಯರ್ ಬದಲಾದರೆ ಲಿಖಿತ ಕಾರಣ ಕೇಳುವ ನಿರ್ಣಯವನ್ನು ಗ್ರಾಮಸಭೆ ಕೈಗೊಳ್ಳಲಿ. ಜೊತೆಗೆ 2014ರ ಕಾಯ್ದೆಯ ಜಾರಿಗಾಗಿ ನಮ್ಮ ಪ್ರತಿನಿಧಿಗಳನ್ನು ಬಿಡದೆ ಒತ್ತಾಯಿಸೋಣ.

ಗುಡ್ಡ ಕುಸಿದ ಮೇಲೆ ತಪ್ಪಿತಸ್ಥರನ್ನು ಹುಡುಕುವುದಕ್ಕಿಂತ, ಕುಸಿಯುವ ಮುನ್ನ ‘ಇದು ಸರಿಯಲ್ಲ’ ಎಂದವರ ಬೆನ್ನಿಗೆ ನಿಲ್ಲುವುದು ಲೇಸು.