ಹೆಸರಿಲ್ಲದ ಚಕ್ರಕ್ಕೆ ಮಾರಿದವನೇ ಹೊಣೆ

ಕಾರು ತಯಾರಿಸಿದ ಸಂಸ್ಥೆಯಲ್ಲದೆ ಅನ್ಯರು ತಯಾರಿಸಿ ಮಾರುವ ಚಕ್ರ, ಬಂಪರ್, ಬಾನೆಟ್ ಮುಂತಾದವುಗಳ ವಹಿವಾಟನ್ನು ವ್ಯಾಪಾರದ ಭಾಷೆಯಲ್ಲಿ ಆಫ್ಟರ್‌ಮಾರ್ಕೆಟ್ ಎನ್ನುತ್ತಾರೆ. ಈ ವಹಿವಾಟಿನಲ್ಲಿ ತೊಡಗಿರುವವರ ಖರೀದಿ ಬಿಲ್ಲುಗಳನ್ನು ಪರಿಶೀಲಿಸುವಾಗ ‘ಅಲಾಯ್ ವೀಲ್, 15 ಇಂಚು, 4 ನಗ’ ಎಂಬುದಕ್ಕಿಂತ ಹೆಚ್ಚಿನ ವಿವರ ಕಾಣಸಿಗುವುದು ಅಪರೂಪ. ತಯಾರಕರ ಹೆಸರಿರುವುದಿಲ್ಲ, ಚಕ್ರವು ಎಷ್ಟು ಭಾರ ಹೊರಬಲ್ಲದೆಂಬ ಉಲ್ಲೇಖವೂ ಇರುವುದಿಲ್ಲ. ಲೆಕ್ಕ ಬರೆಯಲು ಅಷ್ಟು ಸಾಕಾಗಬಹುದು. ಆದರೆ ಅಂತಹ ಬಿಲ್ಲಿನ ಮೇಲೆ ಸರಕು ಕೊಂಡು ಮಾರುವವರು ಇತರರ ಹೊಣೆಯನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾರೆಂಬುದು ನನ್ನ ಅಭಿಪ್ರಾಯ.

ವಿಷಯವನ್ನು ಸ್ಪಷ್ಟಪಡಿಸಲು ಜಪಾನಿನ ಮಾಜ್ದಾ ಸಂಸ್ಥೆಯ ಎಂ.ಎಕ್ಸ್.-5 ಎಂಬ, ಎರಡೇ ಆಸನಗಳ, ಮಡಚುವ ಮೇಲ್ಛಾವಣಿಯ ಕ್ರೀಡಾ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. 1989ರಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಅನಾವರಣಗೊಂಡ ಈ ಕಾರಿನ ಉತ್ಪಾದನೆ 2016ರಲ್ಲಿ ಹತ್ತು ಲಕ್ಷವನ್ನು ಮುಟ್ಟಿತು. ನಮ್ಮ ಷೋರೂಮುಗಳಿಗೆ ಇದು ಬಂದದ್ದಿಲ್ಲ, ನಿಜ. ಆದರೆ ಅಮೆರಿಕ, ಬ್ರಿಟನ್ ಮತ್ತು ಜಪಾನ್‌ಗಳಲ್ಲಿ ಇದೊಂದೇ ಮಾದರಿಯನ್ನು ನೆಚ್ಚಿಕೊಂಡು ಎಷ್ಟೋ ಸಣ್ಣ ಕಾರ್ಯಾಗಾರಗಳು ಜೀವಿಸಿವೆ. ಅದರ ಅಳತೆಗಳೆಲ್ಲ ಬಹಿರಂಗವಾಗಿರುವುದರಿಂದ ಲೆಕ್ಕ ಹಾಕಲು ಅನುಕೂಲ.

ಮೊದಲ ಪೀಳಿಗೆಯ ಎಂ.ಎಕ್ಸ್.-5ರ ಚಕ್ರಕ್ಕೆ ನಾಲ್ಕು ಬೋಲ್ಟುಗಳು; ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ.; ನಡುವಿನ ಹಬ್ ರಂಧ್ರ 54.1 ಮಿ.ಮೀ. 2005ರಲ್ಲಿ ಬಂದ ಮೂರನೆಯ ಪೀಳಿಗೆಗೆ ಐದು ಬೋಲ್ಟುಗಳು, ವೃತ್ತ 114.3 ಮಿ.ಮೀ. ನಾಲ್ಕನೆಯ ಪೀಳಿಗೆಯಲ್ಲಿ ಮತ್ತೆ ನಾಲ್ಕು ಬೋಲ್ಟು, 100 ಮಿ.ಮೀ. ಆದ್ದರಿಂದ ‘ಎಂ.ಎಕ್ಸ್.-5ಕ್ಕೆ ಹೊಂದುತ್ತದೆ’ ಎಂದು ಬರೆದ ಬಿಲ್ಲಿಗೆ ಅರ್ಥವೇ ಇಲ್ಲ. ನಡುರಂಧ್ರ ದೊಡ್ಡದಾಗಿರುವ ಚಕ್ರವನ್ನು ರಿಂಗ್ ಹಾಕದೆ ಕೂರಿಸಿದರೆ ಅದು ಹಬ್‌ನ ಕೇಂದ್ರಕ್ಕೆ ಸರಿಯಾಗಿ ಕೂರದೆ ವೇಗದಲ್ಲಿ ಅದುರುವ ಸಂಭವವಿದೆ.

ಗಾತ್ರದ ಲೆಕ್ಕವನ್ನೂ ನೋಡೋಣ. ಮೂಲತಃ ಬಂದ 185/60 ಆರ್ 14 ಟೈರಿನ ಹೊರ ವ್ಯಾಸ ಸುಮಾರು 578 ಮಿ.ಮೀ. ಹದಿನೈದು ಇಂಚಿನ ಚಕ್ರಕ್ಕೆ 195/50 ಟೈರು ಹಾಕಿದರೆ 576, ವ್ಯತ್ಯಾಸ ನಗಣ್ಯ. ಹದಿನೇಳು ಇಂಚಿಗೆ 205/40 ಹಾಕಿದರೆ 596, ಅಂದರೆ ಶೇ. 3ರಷ್ಟು ಹೆಚ್ಚಳ. ಆಗ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಅಷ್ಟರಮಟ್ಟಿಗೆ ಕಡಿಮೆ ತೋರಿಸುತ್ತದೆ. ಮೂಲ ಅಲಾಯ್ ಚಕ್ರ ಸುಮಾರು ಐದೂವರೆ ಕಿಲೋ ಮಾತ್ರ ಇರುವುದರಿಂದ, ಅಗ್ಗದ ದೊಡ್ಡ ಎರಕದ ಚಕ್ರ ಹಾಕಿದವನು ಹಣ ಕೊಟ್ಟು ಭಾರವನ್ನು ಕೊಂಡಂತಾಗುತ್ತದೆ. ಹಗುರವಾದ ಕಾರಿನ ಸೊಗಸು ಅಲ್ಲಿಗೆ ಮುಗಿಯಿತು. ಮೂಲ ಚಕ್ರಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿಡುವುದು ಕ್ಷೇಮ. ಮರುಮಾರಾಟದಲ್ಲಿ ಬೆಲೆ ಬರುವುದು ಅವಕ್ಕೆ.

ಮೈಯ ಭಾಗಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸ್ಥಿರವಾದ ಛಾವಣಿಯಿಲ್ಲದ ಕಾರಿನ ಬಿಗಿತವೆಲ್ಲ ತಳದಲ್ಲಿಯೂ ಬಾಗಿಲ ಕೆಳಗಿನ ಸಿಲ್ ಎಂಬ ಉಕ್ಕಿನ ಪೆಟ್ಟಿಗೆಯಲ್ಲಿಯೂ ಇರುತ್ತದೆ. ಛಾವಣಿಯ ಮಳೆನೀರು ಕೊಳವೆಗಳ ಮೂಲಕ ಇಳಿದು ಹೋಗುವುದೂ ಆ ಭಾಗದಲ್ಲಿಯೇ. ಅಲಂಕಾರಕ್ಕೆಂದು ಸಿಲ್‌ಗೆ ರಂಧ್ರ ಕೊರೆದು ಸೈಡ್ ಸ್ಕರ್ಟ್ ಬಿಗಿದರೆ, ನೀರು ಹೋಗುವ ದಾರಿ ಮುಚ್ಚಿದರೆ, ತುಕ್ಕು ಒಳಗಿನಿಂದ ತಿನ್ನುತ್ತದೆ. ಈ ಕಾರಿನ ಹಳೆಯ ಮಾದರಿಗಳಲ್ಲಿ ಸಿಲ್‌ನ ಹಿಂತುದಿಯ ತುಕ್ಕು ಕುಖ್ಯಾತವಾದುದು. ಹಗುರವಾಗಲೆಂದು ಫೈಬರ್ ಬಾನೆಟ್ ಕೊಳ್ಳುವವರಿದ್ದಾರೆ. ಕಾರ್ಖಾನೆಯ ಬಾನೆಟ್ ಮೊದಲೇ ಅಲ್ಯೂಮಿನಿಯಂನದು, ಲಾಭ ಅಲ್ಪ.

ಫೈಬರ್ ಕೆಲಸ ನಮಗೆ ಹೊಸದೇನಲ್ಲ. ಬೆಂಗಳೂರಿನ ಸ್ಯಾನ್ ಸಂಸ್ಥೆಯು ಹಿಂದೆ ತಯಾರಿಸಿದ ಸ್ಯಾನ್ ಸ್ಟಾರ್ಮ್ ಎಂಬ ತೆರೆದ ಕಾರಿನ ಮೈ ಫೈಬರ್‌ನದೇ ಆಗಿತ್ತು. ಆದರೆ ಇತರರ ಬಂಪರಿನ ಮೇಲೆ ಅಚ್ಚು ತೆಗೆದು ನಕಲು ಮಾಡುವವರು, ಪಾಲಿಯೆಸ್ಟರ್ ರಾಳವು ಗಟ್ಟಿಯಾಗುವಾಗ ಕುಗ್ಗುತ್ತದೆ ಎಂಬುದನ್ನು ಮರೆಯುತ್ತಾರೆ. ಕೂಡುಗಳಲ್ಲಿ ಕಾಣುವ ಅಂತರ ಅದರ ಫಲ. ನೋಂದಾಯಿತ ವಿನ್ಯಾಸದ ನಕಲಾದರೆ 2000ದ ವಿನ್ಯಾಸ ಅಧಿನಿಯಮದ ಪ್ರಕಾರ ದಾವೆಯೂ ಬರಬಹುದು.

ಜಪಾನಿನಲ್ಲಿ ಅಲಾಯ್ ಚಕ್ರದ ಮೇಲೆ ಜೆ.ಡಬ್ಲ್ಯು.ಎಲ್. ಗುರುತು ಇರಬೇಕು, ಸ್ವತಂತ್ರ ಪರೀಕ್ಷೆಯಾಗಿದ್ದರೆ ವಿ.ಐ.ಎ. ಗುರುತೂ ಇರುತ್ತದೆ. ಜರ್ಮನಿಯಲ್ಲಿ ಅನುಮೋದನೆಯ ಪತ್ರವಿಲ್ಲದ ಚಕ್ರ ಹಾಕಿಸಿದರೆ ವಾಹನದ ರಸ್ತೆ ಪರವಾನಗಿಗೇ ಕುತ್ತು. ನಮ್ಮಲ್ಲಿಯೂ ಅಲಾಯ್ ಚಕ್ರಗಳಿಗೆ ಐ.ಎಸ್. 16192 ಮಾನಕವಿದೆ. ಮೋಟಾರು ವಾಹನ ಅಧಿನಿಯಮದ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತಹ ಮಾರ್ಪಾಡನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ಇವೆಲ್ಲಕ್ಕಿಂತ ಮುಖ್ಯವಾದುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೇ ಕಲಮು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಇದರ ಪ್ರಕಾರ, ಮಾರಿದ ಸರಕಿನ ತಯಾರಕರು ಯಾರೆಂದು ತಿಳಿಯದಿದ್ದಲ್ಲಿ ದೋಷದಿಂದಾದ ಹಾನಿಗೆ ಮಾರಾಟಗಾರನೇ ಉತ್ತರದಾಯಿ. ಸರಕನ್ನು ತಾನೇ ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾದರೂ ಅಷ್ಟೇ. ಬೋಲ್ಟ್ ರಂಧ್ರವನ್ನು ಅಂಗಡಿಯಲ್ಲಿಯೇ ಹಿಗ್ಗಿಸಿ ಕೊಡುವವರು ಇದನ್ನು ಎರಡು ಬಾರಿ ಓದುವುದೊಳಿತು. ಚಕ್ರ ಒಡೆದು ಜೀವಹಾನಿಯಾದರೆ ಪರಿಹಾರದ ಮೊತ್ತವನ್ನು ಯಾವ ಖಾತೆಯಿಂದ ತೆಗೆಯುವುದು?

ಆದುದರಿಂದ ಬಿಲ್ಲಿನಲ್ಲಿ ತಯಾರಕರ ಹೆಸರು, ಬೋಲ್ಟ್ ವೃತ್ತ, ಹಬ್ ರಂಧ್ರ, ಆಫ್‌ಸೆಟ್, ಪ್ರತಿ ಚಕ್ರದ ಭಾರ ಸಾಮರ್ಥ್ಯ, ಕಾರಿನ ತಯಾರಿಕಾ ವರ್ಷ ಇವಿಷ್ಟೂ ಇರಲಿ. ಸಾಮರ್ಥ್ಯವು ಹೆಚ್ಚು ಭಾರದ ಆಕ್ಸಲ್‌ಗೆ ಅನುಮತಿಸಿದ ತೂಕದ ಅರ್ಧಕ್ಕಿಂತ ಕಡಿಮೆಯಿರಬಾರದು. ಬಿಲ್ಲು ಬರೆದರೆ ಗಿರಾಕಿ ಹೋಗುತ್ತಾನೆ ಎಂಬ ಸಬೂಬಿಗೂ ಈಗ ಬಲ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ರೂ. 60,000 ಮೌಲ್ಯದ ನಾಲ್ಕು ಚಕ್ರಗಳಿಗೆ ರೂ. 16,800 ಇದ್ದ ತೆರಿಗೆ ರೂ. 10,800 ಆಗಿದೆ. ಈ ವಿವರಗಳುಳ್ಳ ಒಂದು ಮಾದರಿ ಬಿಲ್ಲನ್ನು ನಮ್ಮ ಸಂಸ್ಥೆಯೇ ಸಿದ್ಧಪಡಿಸಿ ಬಿಡಿಭಾಗ ವ್ಯಾಪಾರಿಗಳಿಗೆ ಹಂಚಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.